ಉದ್ದಗಾಲಿನ ನೊಣಗಳಿಗೆ ಹೆಸರಿಟ್ಟವರು

ಮಳೆ ನಿಂತ ಮರುದಿನ ಬೆಳಿಗ್ಗೆ ನಿಮ್ಮ ಮನೆಯ ಹಿತ್ತಲಿಗೆ ಹೋಗಿ ಕೆಸುವಿನ ಎಲೆಯನ್ನೋ ದಾಸವಾಳದ ಎಲೆಯನ್ನೋ ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಿ. ಹಸಿರು ಲೋಹದಂತೆ ಹೊಳೆಯುವ, ಅಕ್ಕಿಕಾಳಿನಷ್ಟೇ ಗಾತ್ರದ ಒಂದು ನೊಣ ಅಲ್ಲಿ ಕಂಡೀತು. ಮೈಗೆ ಹೊಂದದಷ್ಟು ಉದ್ದವಾದ ಕಾಲುಗಳ ಮೇಲೆ ಎದೆಯೆತ್ತಿ ನಿಂತಿರುತ್ತದೆ. ಕೈ ಚಾಚುವಷ್ಟರಲ್ಲಿ ಪಕ್ಕದ ಎಲೆಗೆ ಹಾರಿರುತ್ತದೆ. ಇದು ಅಡುಗೆಮನೆಯ ನೊಣವಲ್ಲ. ನಮ್ಮ ಅನ್ನದ ತಟ್ಟೆಗೂ ಇದಕ್ಕೂ ಸಂಬಂಧವಿಲ್ಲ. ಗಿಡದ ಹೇನು, ನುಸಿಗಳಂಥ ಮೆತ್ತನೆ ಮೈಯ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಬೇಟೆಗಾರ. ವಿಜ್ಞಾನಿಗಳು ಇದರ ಕುಟುಂಬವನ್ನು ಡೊಲಿಕೊಪೊಡಿಡೇ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಡೊಲಿಕೋಸ್’ ಎಂದರೆ ಉದ್ದ, ‘ಪೌಸ್’ ಎಂದರೆ ಪಾದ. ಜಗತ್ತಿನಲ್ಲಿ ಈವರೆಗೆ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಿ ಹೆಸರಿಡಲಾಗಿದೆ. ಇಷ್ಟು ಹೆಸರುಗಳನ್ನು ಇಟ್ಟವರು ಯಾರು, ಹೇಗೆ ಇಟ್ಟರು ಎಂಬುದು ಒಂದು ಸ್ವಾರಸ್ಯಕರ ಚರಿತ್ರೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವಿಗಳಿಗೆ ಎರಡು ಪದಗಳ ಹೆಸರು ಕೊಟ್ಟಾಗ, ಈ ಗುಂಪಿನ ನೊಣವನ್ನೂ ಮನೆನೊಣದ ಜೊತೆಗೆ ‘ಮಸ್ಕಾ’ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಅದನ್ನು ಬೇರ್ಪಡಿಸಿ 1796ರಲ್ಲಿ ‘ಡೊಲಿಕೋಪಸ್’ ಎಂಬ ಹೊಸ ಕುಲ ಕಟ್ಟಿದವನು ಫ್ರಾನ್ಸಿನ ಪಿಯರ್ ಆಂದ್ರೆ ಲ್ಯಾಟ್ರೇಯ್. ಈತ ಅದನ್ನು ಬರೆಯುವುದಕ್ಕೆ ಬದುಕಿ ಉಳಿದದ್ದೇ ಒಂದು ಕೀಟದ ದಯೆಯಿಂದ. ಲ್ಯಾಟ್ರೇಯ್ ಪಾದ್ರಿಯಾಗಿದ್ದ. ಫ್ರೆಂಚ್ ಕ್ರಾಂತಿಯ ಸರಕಾರ ಕೇಳಿದ ಪ್ರಮಾಣವಚನ ಸ್ವೀಕರಿಸದ ಕಾರಣ 1793ರಲ್ಲಿ ಸೆರೆಮನೆ ಸೇರಿದ. ಬೋರ್ಡೋ ನಗರದ ಸೆರೆಯಲ್ಲಿದ್ದಾಗ ಕೋಣೆಯ ನೆಲದ ಮೇಲೆ ಒಂದು ಅಪರೂಪದ ದುಂಬಿಯನ್ನು ಕಂಡು ತದೇಕಚಿತ್ತನಾಗಿ ಪರೀಕ್ಷಿಸತೊಡಗಿದ. ತಪಾಸಣೆಗೆ ಬಂದ ವೈದ್ಯನಿಗೆ ಆಶ್ಚರ್ಯವಾಯಿತು. ಆತ ಆ ದುಂಬಿಯನ್ನು ಊರಿನಲ್ಲಿದ್ದ ಬೋರಿ ದ ಸೇಂಟ್ ವಿನ್ಸೆಂಟ್ ಎಂಬ ಹದಿಹರೆಯದ ಕೀಟಾಸಕ್ತನಿಗೆ ಕಳಿಸಿದ. ಹುಡುಗನಿಗೆ ಲ್ಯಾಟ್ರೇಯ್‌ನ ಹೆಸರು ಗೊತ್ತಿತ್ತು. ಅವನ ಕಡೆಯವರ ಪ್ರಯತ್ನದಿಂದ ಲ್ಯಾಟ್ರೇಯ್‌ಗೆ ಬಿಡುಗಡೆಯಾಯಿತು. ಜೊತೆಗಿದ್ದ ಕೈದಿಗಳು ಸ್ವಲ್ಪ ದಿನಗಳಲ್ಲೇ ಪ್ರಾಣ ಕಳೆದುಕೊಂಡರು.

ಲ್ಯಾಟ್ರೇಯ್ ಬಾಗಿಲು ತೆರೆದನಷ್ಟೆ. ಒಳಗಿನ ಮನೆಯನ್ನು ಕಟ್ಟಿದವನು ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ಮೈಗನ್. 1764ರಲ್ಲಿ ಝೋಲಿಂಗೆನ್ ಎಂಬಲ್ಲಿ ಹುಟ್ಟಿದ ಈತನಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಭಾಗ್ಯವಿರಲಿಲ್ಲ. ಫ್ರೆಂಚ್ ಪಾಠ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಾ ಬಿಡುವಿನ ಹೊತ್ತಿನಲ್ಲಿ ನೊಣ ಹಿಡಿಯುತ್ತಿದ್ದ. ಕೈಗೆ ಸಿಕ್ಕ ನೊಣಗಳು ಲಿನೇಯಸ್ಸನ ಪಟ್ಟಿಯಲ್ಲಿ ಹೊಂದಿಕೊಳ್ಳುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಅವನಿಗೆ ಹೊಳೆದದ್ದು ರೆಕ್ಕೆಯ ನರಗಳು. ಯಾವ ನರ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಬಾಗುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬೇರೆ; ಆದರೆ ಗುಂಪಿನೊಳಗೆ ಬಹುಮಟ್ಟಿಗೆ ಒಂದೇ. ಇಂದಿಗೂ ನೊಣಗಳ ವರ್ಗೀಕರಣ ಕಲಿಯುವ ವಿದ್ಯಾರ್ಥಿ ಮೊದಲು ಬಿಡಿಸುವುದು ರೆಕ್ಕೆಯ ಚಿತ್ರವನ್ನೇ. 1818ರಿಂದ 1838ರವರೆಗೆ ಮೈಗನ್ ಯುರೋಪಿನ ಎರಡು ರೆಕ್ಕೆಯ ಕೀಟಗಳ ಬಗ್ಗೆ 7 ಸಂಪುಟಗಳನ್ನು ಬರೆದ. ನೊಣಶಾಸ್ತ್ರದ ಪಿತಾಮಹ ಎಂಬ ಬಿರುದು ಅವನಿಗೆ ಸಲ್ಲತಕ್ಕದ್ದೇ. ಬಾನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ಅವನು ಮುದುಕನಾಗಿದ್ದ.

ಹೆಸರಿಡುವ ಕೆಲಸದಲ್ಲಿ ಎಂಥ ತೊಡಕುಗಳು ಬರುತ್ತವೆ ಎಂಬುದಕ್ಕೂ ಮೈಗನ್ನನೇ ಉದಾಹರಣೆ. ಈ ಕುಟುಂಬದ ಒಂದು ಕುಲಕ್ಕೆ ಆತ ‘ಸಿಲೋಪಸ್’ ಎಂದು ಹೆಸರಿಟ್ಟ. ಆದರೆ 1795ರಲ್ಲೇ ಪೋಲಿ ಎಂಬವನು ಅದೇ ಹೆಸರನ್ನು ಒಂದು ಚಿಪ್ಪುಜೀವಿಗೆ ಕೊಟ್ಟಾಗಿತ್ತು. ಪ್ರಾಣಿಗಳಲ್ಲಿ ಎರಡು ಕುಲಗಳಿಗೆ ಒಂದೇ ಹೆಸರು ಇರುವಂತಿಲ್ಲ. ಹಾಗಾಗಿ 1842ರಲ್ಲಿ ಝೆಲ್ಲರ್ ಅದನ್ನು ‘ಸಯಾಪಸ್’ ಎಂದು ಬದಲಿಸಿದ. ಇನ್ನೊಂದು ಪ್ರಕರಣ ಇದಕ್ಕಿಂತ ದೊಡ್ಡದು. 1800ರಲ್ಲಿ ಮೈಗನ್ ನೊಣಗಳ ಕುಲಗಳಿಗೆ ಹೊಸ ಹೆಸರುಗಳನ್ನು ಕೊಟ್ಟು ಒಂದು ಚಿಕ್ಕ ಪುಸ್ತಿಕೆ ಪ್ರಕಟಿಸಿದ್ದ. ಯಾರೂ ಅದನ್ನು ಗಮನಿಸಲಿಲ್ಲ. 1803ರಲ್ಲಿ ತಾನೇ ಬೇರೆ ಹೆಸರುಗಳನ್ನು ಕೊಟ್ಟ; ಅವು ಚಾಲ್ತಿಗೆ ಬಂದವು. 1908ರಲ್ಲಿ ಹೆಂಡೆಲ್ ಎಂಬ ವಿದ್ವಾಂಸ ಹಳೆಯ ಪುಸ್ತಿಕೆಯನ್ನು ಮುಂದೆ ತಂದು, ಮೊದಲು ಕೊಟ್ಟ ಹೆಸರೇ ಸಿಂಧು ಎಂದು ವಾದಿಸಿದ. ಅರ್ಧ ಶತಮಾನದ ಗೊಂದಲದ ನಂತರ 1963ರಲ್ಲಿ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ ಆ ಪುಸ್ತಿಕೆಯನ್ನೇ ಬದಿಗಿಟ್ಟಿತು. ನ್ಯಾಯಾಲಯದ ಆಸ್ತಿ ವ್ಯಾಜ್ಯ ಓದಿದಂತೆ ಅನಿಸಿದರೆ ಅಚ್ಚರಿಯಿಲ್ಲ.

ಹಾಗಾದರೆ ಒಂದು ಪ್ರಭೇದ ‘ಹೊಸದು’ ಎಂದು ತೀರ್ಮಾನಿಸುವುದು ಹೇಗೆ? ಹೊಸದಾಗಿ ಕಂಡಿತು ಎಂದರೆ ಸಾಲದು. ಈ ಕುಟುಂಬದಲ್ಲಿ ಹೆಣ್ಣುಗಳು ಒಂದರಂತೆ ಒಂದು ಇರುವುದೇ ಹೆಚ್ಚು. ಗುರುತು ಸಿಗುವುದು ಗಂಡಿನಲ್ಲಿ. ಹೆಣ್ಣಿನ ಮುಂದೆ ಪ್ರದರ್ಶನ ಮಾಡಲೆಂದು ಗಂಡಿನ ಕಾಲಿನಲ್ಲೋ ರೆಕ್ಕೆಯಲ್ಲೋ ಅಲಂಕಾರಗಳಿರುತ್ತವೆ. ‘ಡೊಲಿಕೋಪಸ್ ಪ್ಲೂಮಿಪಸ್’ ಎಂಬುದರ ನಡುಗಾಲಿನ ಪಾದಕ್ಕೆ ಹಕ್ಕಿಯ ಗರಿಯಂಥ ಕೂದಲಿದೆ. ಅದಕ್ಕಿಂತ ಖಚಿತವಾದದ್ದು ಹೊಟ್ಟೆಯ ತುದಿಯಲ್ಲಿ ಮುಂದಕ್ಕೆ ಮಡಚಿಕೊಂಡಿರುವ ಜನನಾಂಗ. ಅದನ್ನು ಬೇರ್ಪಡಿಸಿ, ಕ್ಷಾರದಲ್ಲಿ ಮೆತ್ತಗಾಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದು ಮುಳ್ಳನ್ನೂ ಚಿತ್ರಿಸಬೇಕು. ಬಳಿಕ ಹತ್ತಿರದ ಪ್ರಭೇದಗಳ ವರ್ಣನೆಗಳನ್ನೆಲ್ಲ ಹೋಲಿಸಬೇಕು. ಕೊನೆಗೆ ಒಂದೇ ಒಂದು ನೊಣವನ್ನು ಮೂಲ ಮಾದರಿ ಎಂದು ಆರಿಸಿ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗೆ ಸಂದೇಹ ಬಂದರೂ ಆ ಒಂದು ನೊಣವೇ ಸಾಕ್ಷಿ.

ಈ ಸಾಕ್ಷಿಗಳು ಎಲ್ಲಿವೆ ಎಂಬುದೇ ನಮ್ಮಂಥ ದೇಶಗಳಿಗೆ ಮುಖ್ಯ ಪ್ರಶ್ನೆ. ತಮಿಳುನಾಡಿನ ತರಂಗಂಬಾಡಿ ಡೆನ್ಮಾರ್ಕಿನ ವಸಾಹತಾಗಿದ್ದ ಕಾಲದಲ್ಲಿ ಅಲ್ಲಿಂದ ಕೀಟಗಳು ಹಡಗಿನಲ್ಲಿ ಕೋಪನ್‌ಹೇಗನ್‌ಗೆ ಹೋದವು. ಮೈಗನ್ನನ ಸ್ನೇಹಿತ, ಕೀಲ್ ನಗರದ ವೈದ್ಯ ವೀಡೆಮನ್ 1828 ಮತ್ತು 1830ರಲ್ಲಿ ಯುರೋಪಿನ ಹೊರಗಿನ ನೊಣಗಳ ಬಗ್ಗೆ ಬರೆದ ಗ್ರಂಥದಲ್ಲಿ ಭಾರತದ ನೊಣಗಳೂ ಇದ್ದವು. 1922ರಲ್ಲಿ ನಮ್ಮ ವಲಯದಿಂದ ಆಸ್ಟ್ರೇಲಿಯದವರೆಗಿನ ಉದ್ದಗಾಲಿನ ನೊಣಗಳ ಮೇಲೆ ದೊಡ್ಡ ಗ್ರಂಥ ಬರೆದ ಥಿಯೋಡರ್ ಬೆಕರ್, ಲೀಗ್ನಿಟ್ಸ್ ಎಂಬ ಪಟ್ಟಣದ ಕಟ್ಟಡ ಕಾಮಗಾರಿಯ ಅಧಿಕಾರಿಯಾಗಿದ್ದವನು. ಅಮೆರಿಕದ ಕಥೆಯೂ ಇದೇ. 1864ರಲ್ಲಿ ಉತ್ತರ ಅಮೆರಿಕದ ಈ ನೊಣಗಳ ಮೇಲೆ ಪ್ರಕಟವಾದ ಗ್ರಂಥವನ್ನು ಬರೆದವನು ಜರ್ಮನಿಯ ಶಾಲಾ ಮುಖ್ಯಸ್ಥ ಹರ್ಮನ್ ಲೋವ್. ಅಮೆರಿಕದಲ್ಲಿದ್ದ ರಷ್ಯಾದ ರಾಜತಾಂತ್ರಿಕ ಓಸ್ಟೆನ್ ಸಾಕೆನ್ ಅವನಿಗೆ ನೊಣಗಳನ್ನು ಕಳಿಸುತ್ತಿದ್ದ. ಆದರೆ ಲೋವ್‌ನ ಅಮೆರಿಕದ ಸಂಗ್ರಹ ಕೊನೆಗೆ ಹಾರ್ವರ್ಡ್‌ಗೆ ಮರಳಿತು. ನಮ್ಮ ಹಳೆಯ ಮಾದರಿಗಳಲ್ಲಿ ಬಹಳಷ್ಟು ಇಂದಿಗೂ ಯುರೋಪಿನ ಪೆಟ್ಟಿಗೆಗಳಲ್ಲೇ ಇವೆ. ಕೊಡಗಿನಲ್ಲೋ ಆಗುಂಬೆಯಲ್ಲೋ ಒಂದು ನೊಣ ಹಿಡಿದ ಸಂಶೋಧಕ ಅದು ಹೊಸದೆಂದು ಹೇಳುವ ಮುನ್ನ ಆ ಪೆಟ್ಟಿಗೆಗಳನ್ನು ನೋಡಬೇಕಾದೀತು. ವಿಮಾನದ ಖರ್ಚು ಎಲ್ಲರಿಗೂ ಎಟುಕುವುದಿಲ್ಲ. ಛಾಯಾಚಿತ್ರಗಳು ಬಂದ ಮೇಲೆ ಈ ಕಷ್ಟ ಕಡಿಮೆಯಾಗಿದೆ, ತೀರಿಲ್ಲ.

ಇಷ್ಟೆಲ್ಲ ಶ್ರಮ ಒಂದು ನೊಣಕ್ಕಾಗಿಯೇ ಎಂದು ನೀವು ಕೇಳಬಹುದು. ‘ಮೆಡೆಟೆರಾ’ ಎಂಬ ಕುಲವನ್ನು ನೋಡಿ. ಇವು ಮರದ ಕಾಂಡದ ಮೇಲೆ ತಲೆ ಮೇಲಾಗಿ ಕೂರುತ್ತವೆ. ಇವುಗಳ ಮರಿಹುಳುಗಳು ತೊಗಟೆಯ ಕೆಳಗೆ ನುಗ್ಗಿ, ಪೈನ್ ಕಾಡುಗಳನ್ನೇ ಒಣಗಿಸುವ ತೊಗಟೆ ದುಂಬಿಗಳ ಮರಿಗಳನ್ನು ತಿನ್ನುತ್ತವೆ. ಯಾವ ಪ್ರಭೇದ ಯಾವ ದುಂಬಿಯನ್ನು ತಿನ್ನುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕಲ್ಲವೇ? 1985ರಲ್ಲಿ ಡೇನಿಯಲ್ ಬಿಕೆಲ್ ಉತ್ತರ ಅಮೆರಿಕದ ಮೆಡೆಟೆರಾಗಳನ್ನು ಮರುಪರಿಶೀಲಿಸಿ ಬರೆದ ಗ್ರಂಥವನ್ನು ಪ್ರಕಟಿಸಿದ್ದು ಅಲ್ಲಿನ ಕೃಷಿ ಇಲಾಖೆ. ಅದೇ ಬಿಕೆಲ್ 1994ರಲ್ಲಿ ಆಸ್ಟ್ರೇಲಿಯದ ಸಯಾಪೊಡಿನೇ ಎಂಬ ಉಪಕುಟುಂಬವನ್ನು ವಿವರಿಸಿದರು. ನಮ್ಮ ಹಿತ್ತಲಿನ ಹಸಿರು ನೊಣಗಳು ಸೇರುವುದು ಆ ಉಪಕುಟುಂಬಕ್ಕೇ. 2006ರಲ್ಲಿ ಚೀನಾದ ಯಾಂಗ್ ಡಿಂಗ್ ಮತ್ತು ಸಂಗಡಿಗರು ಇಡೀ ಜಗತ್ತಿನ ಪಟ್ಟಿಯನ್ನು ಹೊರತಂದರು.

ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಡೊಮಿನಿಕಾ ದ್ವೀಪದ ಈ ನೊಣಗಳ ಬಗ್ಗೆ 1975ರಲ್ಲಿ ಗ್ರಂಥ ಬರೆದ ಸ್ಮಿತ್‌ಸೋನಿಯನ್ನಿನ ಹೆರಾಲ್ಡ್ ರಾಬಿನ್ಸನ್ ವೃತ್ತಿಯಿಂದ ಸಸ್ಯಶಾಸ್ತ್ರಜ್ಞರು. ಸೂರ್ಯಕಾಂತಿ ಕುಟುಂಬದ ಗಿಡಗಳ ಪರಿಣತರು.

ನಿಮ್ಮಲ್ಲಿ ಯಾರಿಗಾದರೂ ಆಸಕ್ತಿ ಹುಟ್ಟಿದರೆ ಆರಂಭಕ್ಕೆ ದುಬಾರಿ ಸಲಕರಣೆ ಬೇಡ. ಹಳದಿ ಬಣ್ಣದ ಅಗಲ ಬಟ್ಟಲಿನಲ್ಲಿ ನೀರು, ಎರಡು ಹನಿ ಸಾಬೂನು ಹಾಕಿ ತೋಡಿನ ಬದಿಯಲ್ಲಿಟ್ಟರೆ ಸಂಜೆಯೊಳಗೆ ಕೆಲವು ಸಿಗಬಹುದು. ಸಂರಕ್ಷಿತ ಕಾಡಿನಲ್ಲಾದರೆ ಅನುಮತಿ ಬೇಕು. ಸಿಕ್ಕಿದ್ದನ್ನು ಕಾಲೇಜಿನ ಪ್ರಯೋಗಾಲಯದ ಆಲ್ಕೋಹಾಲಿನಲ್ಲಿ ಹಾಕಿ, ಊರು, ದಿನಾಂಕ, ಹಿಡಿದವರ ಹೆಸರು ಬರೆದ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಅದೇ ಶೀಶೆಯೊಳಗೆ ಇಡಿ. ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಚೀಟಿಯಿಲ್ಲದ ನೊಣ ಸಂಶೋಧಕರ ಉಪಯೋಗಕ್ಕೆ ಬರುವುದಿಲ್ಲ.