ಆಟದೊಳಗೆ ಪಾಠ ಸೇರಿದ ಬಗೆ
– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್

ನಮ್ಮ ಶಾಲೆಗೆ ಐವತ್ತು ತುಂಬಿದೆ. ಕಂಪ್ಯೂಟರಿನಲ್ಲಿ ಆಡುತ್ತ ಕಲಿಯುವ ಪದ್ಧತಿ ಇದಕ್ಕಿಂತ ತುಸು ಹಿರಿಯದು. ಮಕ್ಕಳ ಕೈಗೆ ಯಾವ ಆಟ ಕೊಡಬೇಕೆಂದು ಯೋಚಿಸುವ ಗುರುಗಳಿಗೂ ಪೋಷಕರಿಗೂ ಅದರ ಇತಿಹಾಸ ಉಪಯೋಗವಾದೀತು.

1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಚ್ ಎಂಬ ತರಬೇತಿ ಶಿಕ್ಷಕರು ಎಂಟನೇ ತರಗತಿಗೆ ಇತಿಹಾಸ ಹೇಳಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಪಶ್ಚಿಮದ ಆರೆಗಾನ್‌ಗೆ ವಲಸೆ ಹೋದವರ ಪಾಠ ಅದು. ಅವರು ನಕ್ಷೆ, ದಾಳಗಳ ಆಟವೊಂದನ್ನು ಸಿದ್ಧಪಡಿಸುತ್ತಿದ್ದರು. ಜೊತೆಗೆ ವಾಸವಿದ್ದ ಗಣಿತದ ತರಬೇತಿ ಶಿಕ್ಷಕರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಅದನ್ನು ಕಂಪ್ಯೂಟರಿಗೆ ಅಳವಡಿಸಿದರು. ಅದೇ ‘ಆರೆಗಾನ್ ಟ್ರೇಲ್’. ಆಗ ಪರದೆ ಇರಲಿಲ್ಲ. ಟೈಪ್‌ರೈಟರಿನಂಥ ಯಂತ್ರ ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸುತ್ತಿತ್ತು.

ಎತ್ತು, ಆಹಾರ, ಬಟ್ಟೆ, ಮದ್ದುಗುಂಡಿಗೆ ಎಷ್ಟೆಷ್ಟು ಹಣ ಹಾಕಬೇಕೆಂದು ಮಕ್ಕಳೇ ತೀರ್ಮಾನಿಸಬೇಕು. ಆಹಾರಕ್ಕೆ ಕೈ ಬಿಗಿ ಹಿಡಿದರೆ ದಾರಿಯಲ್ಲಿ ಹಸಿವು. ತಪ್ಪಿಗೆ ಶಿಕ್ಷೆಯಿಲ್ಲ, ಪರಿಣಾಮವಿದೆ. 1974ರಲ್ಲಿ ಮಿನೆಸೋಟಾ ರಾಜ್ಯದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆ ಸೇರಿದ ರಾವಿಚ್, ವಲಸಿಗರ ದಿನಚರಿಗಳನ್ನು ಓದಿ, ರೋಗ, ಹವಾಮಾನದಂಥ ಕಷ್ಟಗಳು ಎಷ್ಟು ಸಲ ಬರುತ್ತಿದ್ದವೆಂದು ನೋಡಿ ಆಟವನ್ನು ತಿದ್ದಿದರು.

ಇಂಥ ಆಟ ಮಕ್ಕಳನ್ನು ಏಕೆ ಹಿಡಿದಿಡುತ್ತದೆ? 1980ರ ಸುಮಾರಿಗೆ ಥಾಮಸ್ ಮಲೋನ್ ಎಂಬ ಸಂಶೋಧಕರು ಇದನ್ನೇ ಅಧ್ಯಯನ ಮಾಡಿ ಸವಾಲು, ಕಲ್ಪನೆ, ಕುತೂಹಲ ಎಂಬ ಮೂರು ಕಾರಣ ಗುರುತಿಸಿದರು. ಅವರು ಪರೀಕ್ಷಿಸಿದ ‘ಡಾರ್ಟ್ಸ್’ ಆಟದಲ್ಲಿ ಸಂಖ್ಯಾರೇಖೆಯ ಮೇಲೆ ಬಲೂನುಗಳಿರುತ್ತವೆ. ಬಲೂನಿರುವ ಜಾಗವನ್ನು ಭಿನ್ನರಾಶಿಯಲ್ಲಿ ಹೇಳಿದರೆ ಬಾಣ ಅಲ್ಲಿಗೆ ಹೋಗುತ್ತದೆ. ಗುರಿ ತಪ್ಪಿದರೂ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದು ಕಣ್ಣಿಗೆ ಕಾಣುತ್ತದೆ. ಲೆಕ್ಕವೇ ಅಲ್ಲಿ ಆಟ.

ನಮಗೆ ಇದು ಹೊಸದಲ್ಲ. ಚೆನ್ನೆಮಣೆಯಲ್ಲಿ ಹುಣಸೆಬೀಜ ಹಂಚುವ ಮಗುವಿಗೆ ಯಾರೂ ಲೆಕ್ಕ ಹೇಳಿಕೊಡುವುದಿಲ್ಲ. ಎಣಿಸಿ, ಮುಂದಾಲೋಚಿಸದೆ ಗೆಲ್ಲಲಾಗದು.

ಆದರೆ ಆಟ ಬಿಟ್ಟದ್ದನ್ನು ಮಗುವೂ ಬಿಟ್ಟೀತು. ‘ಆರೆಗಾನ್ ಟ್ರೇಲ್’ನಲ್ಲಿ ಆಡುವವರು ಸದಾ ವಲಸಿಗರು, ಆ ನೆಲದ ಮೂಲನಿವಾಸಿಗಳು ಕಳೆದುಕೊಂಡದ್ದು ಅದರಲ್ಲಿ ಇರಲಿಲ್ಲ. ಅದನ್ನು ಹೇಳಲು ಗುರುಗಳೇ ಬೇಕು.

ಇಂದು ಒಂದು ಉತ್ತರಕ್ಕೆ ಒಂದು ನಕ್ಷತ್ರ ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಆರಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ಪಾಠವನ್ನು ತೆಗೆದುಹಾಕಿದರೂ ಈ ಆಟ ನಡೆಯುತ್ತದೆಯೇ? ನಡೆಯುತ್ತದೆ ಎಂದಾದರೆ, ಪಾಠ ಆಟದೊಳಗಿಲ್ಲ. ಪಕ್ಕದಲ್ಲಿ ಕುಳಿತಿದೆ ಅಷ್ಟೆ.