ಮನೆಯ ಗ್ಯಾರೇಜಿಗೆ ಬಂದ ರೋಲ್ಸ್-ರಾಯ್ಸ್

ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ಕಂಡವರಿಗೆ ಹಳೆಯ ಐಷಾರಾಮಿ ಕಾರೆಂದರೆ ದೂರದಿಂದ ನೋಡಿ ಬೆರಗಾಗುವ ವಸ್ತು. ನಾವು ನೆಲೆಸಿರುವ ಈ ಬ್ರಿಟನ್ನಿನಲ್ಲಿ ಅಂತಹ ಕಾರುಗಳು ಸಾಧಾರಣ ಬೀದಿಯ ಸಾಧಾರಣ ಮನೆಗಳಲ್ಲೂ ಇವೆ. ಅವುಗಳ ಕೆಳಗೆ ಮಲಗಿ ನಟ್ಟು ಬಿಗಿಯುವವರು ನಿವೃತ್ತ ಶಿಕ್ಷಕರೋ ರೈಲ್ವೆ ನೌಕರರೋ ಆಗಿರುತ್ತಾರೆ. ನಮ್ಮ ನೆರೆಯ ಹಿರಿಯರೊಬ್ಬರು ಅಂಥವರು. ಅವರ ಬಳಿ ಇರುವುದು 1974ರ ರೋಲ್ಸ್-ರಾಯ್ಸ್ ಸಿಲ್ವರ್ ಶ್ಯಾಡೊ. ಕೆಲವು ವರ್ಷಗಳಿಂದ ಶನಿವಾರಗಳಂದು ಅವರಿಗೆ ಸ್ಪ್ಯಾನರ್ ಎತ್ತಿಕೊಡುವ ಕೆಲಸ ನನ್ನದು. ರಾಜಮಹಾರಾಜರ ವಾಹನವೆಂದು ಹೆಸರಾದ ಕಾರು ಗೃಹಸ್ಥರ ಕೈಗೆ ಬಂದ ಬಗೆಯನ್ನು ಅಲ್ಲಿಯೇ ತಿಳಿದುಕೊಂಡೆ.

ಈ ಕಾರಿನ ವಂಶದ ಮೂಲದಲ್ಲೇ ಒಂದು ರಿಪೇರಿಯಿದೆ. ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಡೈನಮೊ ಮತ್ತು ವಿದ್ಯುತ್ ಕ್ರೇನುಗಳನ್ನು ತಯಾರಿಸುತ್ತಿದ್ದ ಹೆನ್ರಿ ರಾಯ್ಸ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೆಕೊವಿಲ್ ಎಂಬ ಫ್ರೆಂಚ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಅದರ ಕೆಲಸಗಾರಿಕೆ ಅವರಿಗೆ ಹಿಡಿಸಲಿಲ್ಲ. ಬಿಚ್ಚಿದರು, ಒಂದೊಂದು ಭಾಗವನ್ನೂ ಪರೀಕ್ಷಿಸಿದರು, ತಿದ್ದಿದರು. ಕೊನೆಗೆ ತಾವೇ ಮೇಲಾದ ಕಾರೊಂದನ್ನು ಮಾಡಬಲ್ಲೆವೆಂದು ನಿಶ್ಚಯಿಸಿದರು. 1904ರ ಏಪ್ರಿಲ್ 1ರಂದು ರಾಯ್ಸ್ ಅವರ ಮೊದಲ ಕಾರು ಕಾರ್ಖಾನೆಯಿಂದ ಹೊರಟು ನಟ್ಸ್‌ಫರ್ಡಿನ ಅವರ ಮನೆಯವರೆಗೆ ಓಡಿತು. ಮರುತಿಂಗಳು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್ ಅವರ ಭೇಟಿಯಾಯಿತು. ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಆ ಬಳಿಕ ಬಹುಕಾಲ ಇಂತಹ ಕಾರನ್ನು ಒಡೆಯರು ಮುಟ್ಟುತ್ತಿರಲಿಲ್ಲ. ಕಂಪನಿಯು ಚಾಲಕರಿಗೆಂದೇ ತರಬೇತಿ ಶಾಲೆಯನ್ನು ನಡೆಸುತ್ತಿತ್ತು. ಕಾರಿನ ವಿದ್ಯೆ ಚಾಲಕರಲ್ಲಿಯೂ ಕಾರ್ಖಾನೆಯಲ್ಲಿಯೂ ಉಳಿದಿತ್ತು. ಒಡೆಯರೇ ಓಡಿಸಲೆಂದು ಕೊಳ್ಳುವ ಕಾಲ ಎರಡನೆಯ ಮಹಾಯುದ್ಧದ ನಂತರ ಬಲವಾಯಿತು. 1965ರಲ್ಲಿ ಬಂದ ಸಿಲ್ವರ್ ಶ್ಯಾಡೊ ಆ ಕಾಲದ ಕೂಸು. ಪ್ರತ್ಯೇಕ ಚಾಸಿಯಿಲ್ಲದ ಮೊದಲ ರೋಲ್ಸ್-ರಾಯ್ಸ್ ಅದು. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹೊರೆಗೆ ತಕ್ಕಂತೆ ಕಾರಿನ ಎತ್ತರವನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ. ಬೆಲೆ ಸುಮಾರು 6,500 ಪೌಂಡು, ಎಂದರೆ ಅಂದಿನ ದಿನಗಳಲ್ಲಿ ಒಂದು ಒಳ್ಳೆಯ ಮನೆಯ ಬೆಲೆ.

1980ರವರೆಗೆ ಇದೇ ಮಾದರಿ ತಯಾರಾಯಿತು. ಹಿಂದಿನ ಯಾವ ರೋಲ್ಸ್-ರಾಯ್ಸ್ ಕೂಡ ಇಷ್ಟು ಸಂಖ್ಯೆಯಲ್ಲಿ ತಯಾರಾಗಿರಲಿಲ್ಲ. ಸಂಖ್ಯೆ ಹೆಚ್ಚಾದುದರಿಂದ ಹಳೆಯವುಗಳ ಬೆಲೆ ಕುಸಿಯಿತು, ದುರಸ್ತಿಯ ಖರ್ಚು ಮಾತ್ರ ಕುಸಿಯಲಿಲ್ಲ. ಸಾಮಾನ್ಯ ಕಾರಿನ ಬೆಲೆಗೆ ಕೊಂಡವರು ಗ್ಯಾರೇಜಿನ ಬಿಲ್ಲನ್ನು ಕಂಡು ಕಂಗಾಲಾದರು. ಕೆಲವರು ಮದುವೆಗಳಿಗೆ ಬಾಡಿಗೆಗೆ ಬಿಟ್ಟರು, ಕೆಲವರು ಗುಜರಿಗೆ ಹಾಕಿದರು, ಇನ್ನು ಕೆಲವರು ಮೇಲುಡುಪು ತೊಟ್ಟು ತಾವೇ ಕಾರಿನಡಿಗೆ ಇಳಿದರು. ಕಾರುಗಳು ಉಳಿದದ್ದು ಈ ಮೂರನೆಯವರಿಂದ.

ಅವರ ಧೈರ್ಯಕ್ಕೆ ಹಿನ್ನೆಲೆಯೂ ಇತ್ತು. ಸಿಲೋನಿನಲ್ಲಿ ಜನಿಸಿದ ಜಾನ್ ಹೇನ್ಸ್ ಅವರು ವಾಯುಪಡೆಯಲ್ಲಿ ಏಡನ್ನಿನಲ್ಲಿದ್ದಾಗ ಗೆಳೆಯನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸುತ್ತ, ಹಂತಹಂತವಾಗಿ ಛಾಯಾಚಿತ್ರ ತೆಗೆದರು. 1966ರಲ್ಲಿ ಅದು ಪುಸ್ತಕವಾಯಿತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಖರ್ಚಾದವು. ಮೆಕ್ಯಾನಿಕ್ ಅಲ್ಲದವರೂ ಓದಿ ರಿಪೇರಿ ಮಾಡಬಹುದೆಂಬ ನಂಬಿಕೆ ಈ ದೇಶದಲ್ಲಿ ಬೇರೂರಲು ಆ ಪುಸ್ತಕಮಾಲೆಯ ಪಾಲು ದೊಡ್ಡದು. ಶ್ಯಾಡೊ ಕೊಂಡವರಿಗೆ 1957ರಲ್ಲಿ ಸ್ಥಾಪಿತವಾದ ರೋಲ್ಸ್-ರಾಯ್ಸ್ ಅಭಿಮಾನಿಗಳ ಸಂಘವೂ ನೆರವಾಯಿತು. ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪರಿಯ ಹಂಟ್ ಹೌಸಿನಲ್ಲಿ ಅದು ಮಾಲೀಕರಿಗೆ ತಾಂತ್ರಿಕ ಶಿಬಿರಗಳನ್ನು ನಡೆಸುತ್ತದೆ. ಹಿಂದೆ ಚಾಲಕರು ಕಲಿತದ್ದನ್ನು ಈಗ ಒಡೆಯರು ಕಲಿಯುತ್ತಾರೆ!

ಕಲಿಯಲೇಬೇಕಾದ ಪಾಠವೆಂದರೆ ಬ್ರೇಕು. ಎಂಜಿನ್ನು ನಡೆಸುವ ಎರಡು ಪಂಪುಗಳು ಬ್ರೇಕಿನ ದ್ರವವನ್ನು ಎರಡು ಲೋಹದ ಗೋಳಗಳಿಗೆ ಒತ್ತಿ ತುಂಬುತ್ತವೆ. ಗೋಳದೊಳಗೆ ರಬ್ಬರಿನ ಪರದೆ, ಅದರಾಚೆ ಸಾರಜನಕ ಅನಿಲ. ಒತ್ತಡ ಚದರ ಅಂಗುಲಕ್ಕೆ ಸುಮಾರು 2,500 ಪೌಂಡಿನವರೆಗೆ ಏರುತ್ತದೆ; ಸಾಮಾನ್ಯ ಕಾರಿನ ಟೈರಿನಲ್ಲಿರುವುದು 30ರ ಆಸುಪಾಸು. ಈ ಒತ್ತಡವನ್ನು ಇಳಿಸದೆ ಕೊಳವೆ ಬಿಚ್ಚಿದವನ ಗತಿ ಹೇಳಬೇಕಾಗಿಲ್ಲ. ದ್ರವದ ವಿಷಯವೂ ಅಷ್ಟೇ ಸೂಕ್ಷ್ಮ. ಶ್ಯಾಡೊಗೆ ಬೇಕಾದದ್ದು ಪಂಪುಗಳಿಗೆ ಜಾರುಗುಣ ಕೊಡುವ ಅಂಶ ಬೆರೆಸಿದ ವಿಶೇಷ ಬ್ರೇಕ್ ದ್ರವ. 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್‌ಗೆ ಖನಿಜ ತೈಲ. ಒಂದರ ಬದಲು ಇನ್ನೊಂದನ್ನು ಸುರಿದರೆ ರಬ್ಬರು ಸೀಲುಗಳೆಲ್ಲ ಹಾಳು. ಒಮ್ಮೆ ಅರಿವಿಲ್ಲದೆ ತಪ್ಪು ಡಬ್ಬಿಯ ಮುಚ್ಚಳ ತೆರೆದಿದ್ದೆ. ಹಿರಿಯರು ಮಾತನಾಡದೆ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು, ಗ್ಯಾರೇಜಿನಿಂದಲೇ ಹೊರಗೆ ಇಟ್ಟು ಬಂದರು.

ಇನ್ನು ಸುಧಾರಣೆಯ ಪ್ರಶ್ನೆ. ಹಳೆಯದನ್ನು ಇದ್ದಂತೆಯೇ ಉಳಿಸಬೇಕೆಂಬವರಿಗೂ ಕಾಲಕ್ಕೆ ತಕ್ಕಂತೆ ಬದಲಿಸಬೇಕೆಂಬವರಿಗೂ ಮುಗಿಯದ ವಾದವಿದೆ. ಕಾಂಟ್ಯಾಕ್ಟ್ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದಕ್ಕೆ ಹೆಚ್ಚಿನವರ ಒಪ್ಪಿಗೆಯಿದೆ, ಬೇಕಾದರೆ ಹಿಂದಿನಂತೆಯೇ ಮಾಡಬಹುದಾದ ಬದಲಾವಣೆ ಅದು. 2021ರಿಂದ ಬ್ರಿಟನ್ನಿನ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡಾ 10ರವರೆಗೆ ಏರಿರುವುದರಿಂದ ಹಳೆಯ ರಬ್ಬರು ಕೊಳವೆಗಳನ್ನು ಬದಲಿಸುವುದು ಅನಿವಾರ್ಯ. ಕಾನೂನೂ ನಡುವೆ ಬರುತ್ತದೆ: 2018ರಿಂದ 40 ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ಎಂಒಟಿ ತಪಾಸಣೆಯ ವಿನಾಯಿತಿಯಿದೆ, ಆದರೆ ಗಣನೀಯವಾಗಿ ಮಾರ್ಪಡಿಸಿದವಕ್ಕೆ ಇಲ್ಲ. ಈ ವಿನಾಯಿತಿಯೇ ತಪ್ಪೆಂಬುದು ನನ್ನ ಅಭಿಪ್ರಾಯ. ಎರಡು ಟನ್ನಿನ ಕಾರನ್ನು ಮನೆಯಲ್ಲಿ ದುರಸ್ತಿ ಮಾಡುವವರಿಗೆ ಎರಡನೆಯ ಕಣ್ಣೊಂದು ಬೇಕೇ ಬೇಕು. ಹಿರಿಯರು ಇಂದಿಗೂ ಪ್ರತಿವರ್ಷ ಸ್ವಇಚ್ಛೆಯಿಂದ ತಪಾಸಣೆ ಮಾಡಿಸುತ್ತಾರೆ.

ಅವರಿಗೀಗ ಎಂಬತ್ತು ದಾಟಿದೆ, ಕಾರಿನಡಿಗೆ ತೆವಳಲಾಗುವುದಿಲ್ಲ. ಮಗ ದೂರದ ಊರಿನಲ್ಲಿದ್ದಾನೆ, ಅವನಿಗೆ ಆಸಕ್ತಿಯಿಲ್ಲ. ಇಪ್ಪತ್ತೈದು ವರ್ಷಗಳ ಕೆಲಸವನ್ನು ಬರೆದಿಟ್ಟ ನೀಲಿ ರಟ್ಟಿನ ನೋಟುಪುಸ್ತಕವನ್ನು ಕಳೆದ ಚಳಿಗಾಲದಲ್ಲಿ ನನ್ನ ಕೈಗಿಟ್ಟು, "ಓದಿ ನೋಡಿ, ಆಮೇಲೆ ಬೇಡವೆನ್ನಿ" ಎಂದರು.

ಗೋಳಗಳ ಪರೀಕ್ಷೆಗೆ ಯಂತ್ರವೇನೂ ಬೇಡ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಕೀಲಿ ತಿರುಗಿಸಿಟ್ಟು, ಎಚ್ಚರಿಕೆಯ ದೀಪ ಹತ್ತುವವರೆಗೆ ಬ್ರೇಕ್ ಪೆಡಲನ್ನು ಎಷ್ಟು ಸಲ ಒತ್ತಬಹುದೆಂದು ಎಣಿಸಬೇಕು. ಗೋಳ ಚೆನ್ನಾಗಿದ್ದರೆ ಹತ್ತಾರು ಸಲ ಒತ್ತಬಹುದು. ಕಳೆದ ಶನಿವಾರ ನನ್ನ ಮಗಳು ಚಾಲಕರ ಆಸನದಲ್ಲಿ ಕುಳಿತು, ಒಂದು, ಎರಡು ಎಂದು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿದಳು. ಎಂಟಕ್ಕೇ ಒಂದು ದೀಪ ಹತ್ತಿತು. ಹಿರಿಯರು ಹೇಳಿದಂತೆ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಅವಳೇ ಬರೆದಳು. ಆ ಗೋಳವನ್ನು ಬಿಚ್ಚಿ ಅನಿಲ ತುಂಬಿಸಲು ಕಳುಹಿಸಬೇಕು. ಮಳೆ ಬಿಟ್ಟರೆ ಈ ವಾರವೇ.