ಮೊಳಕೆಯ ವಿವೇಕ: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ಧಾನ್ಯಸಂಸ್ಕರಣ ಪರಂಪರೆ

ಮೊಳೆಯುವುದು ಧಾನ್ಯದ ಸಹಜ ಧರ್ಮ. ಅದನ್ನು ಎಲ್ಲಿ ಬೆಳೆಯಗೊಡಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಚನೆಯೇ ಧಾನ್ಯಸಂಸ್ಕರಣೆಯ ಚರಿತ್ರೆಯ ತಿರುಳು. ಬಾರ್ಲಿಯನ್ನು ನೆನೆಸಿ, ಮೊಳೆಯಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಕ್ಕರೆ ಹುದುಗಿ ಬಿಯರ್ ಆಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಬಾರ್ಲಿ ಬೆಳೆಯಲ್ಲ. ಶ್ರಾದ್ಧಾದಿ ಕರ್ಮಗಳಲ್ಲಿ 'ಯವ'ವೆಂಬ ಹೆಸರಿನಿಂದ ಮಾತ್ರ ಅದು ಪರಿಚಿತ. ಆದರೂ ಮೊಳಕೆಯ ವಿವೇಚನೆ ಇಲ್ಲಿಗೆ ಹೊಸದಲ್ಲ.

ಈ ನೆಲದ ಧಾನ್ಯ ಭತ್ತ. 14ನೆಯ ಶತಮಾನದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ, ಅನ್ನವೇ ಇಲ್ಲಿನವರ ಆಹಾರವೆಂದೂ ತಿಂಗಳುಗಟ್ಟಲೆ ರೊಟ್ಟಿಯನ್ನೇ ಕಾಣದೆ ಕಳೆದೆನೆಂದೂ ದಾಖಲಿಸಿದ್ದಾನೆ. 1502ರಲ್ಲಿ ವಾಸ್ಕೋ ಡ ಗಾಮನಿಗೆ ಮಣಿದ ಭಟ್ಕಳದ ಅರಸನು ನಾವಿಕರಿಗಾಗಿ 1,000 ಹೇರು ಅಕ್ಕಿಯನ್ನೂ ಕಪ್ತಾನರಿಗಾಗಿ 500 ಹೇರು ಉತ್ತಮ ಅಕ್ಕಿಯನ್ನೂ ವರ್ಷಂಪ್ರತಿ ಕೊಡಲೊಪ್ಪಿದನೆಂದು ಪೋರ್ಚುಗೀಸ್ ಬಖೈರುಗಾರ ಗಾಸ್ಪರ್ ಕೊರೆಯ ಬರೆದಿದ್ದಾನೆ. ಮಲಬಾರಿನ ವರ್ತಕರು ತೆಂಗಿನಕಾಯಿ ತಂದು ಹೊನ್ನಾವರದಿಂದ ಕಪ್ಪು ಬಣ್ಣದ ಅಕ್ಕಿ ಒಯ್ಯುತ್ತಿದ್ದುದನ್ನು ದುವಾರ್ತೆ ಬಾರ್ಬೋಸ ಗುರುತಿಸಿದ್ದಾನೆ.

ಭತ್ತಕ್ಕೆ ಇಲ್ಲಿನ ಜನಪದರು ಎರಡು ದಾರಿಗಳನ್ನು ಕಲ್ಪಿಸಿದ್ದರು. ಉಣ್ಣುವ ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡುತ್ತಿದ್ದರು. ಬೇಯಿಸಿದೊಡನೆ ಮೊಳೆಯುವ ಶಕ್ತಿ ನಾಶವಾಗುತ್ತದೆ. ಕಾಳು ಗಟ್ಟಿಯಾಗಿ ಕುಟ್ಟುವಾಗ ನುಚ್ಚು ಕಡಿಮೆಯಾಗುತ್ತದೆ. ಬಿತ್ತುವ ಭತ್ತವನ್ನಾದರೋ ಬೇರೆಯಾಗಿರಿಸಿ, ಅದರ ಜೀವವನ್ನು ಕಾಪಾಡಿ, ನೀರಿನಲ್ಲಿ ನೆನೆಸಿ ಮೊಳೆಯಿಸಿ ಕೆಸರಿಗೆ ಚೆಲ್ಲುತ್ತಿದ್ದರು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ 'ಕಗ್ಗ' ತಳಿ ಉಳಿದುಬಂದಿರುವುದು ಈ ಎಚ್ಚರದಿಂದಲೇ. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಕೊಯ್ಲಿನಲ್ಲಿ ತೆನೆ ಮಾತ್ರ ರೈತನಿಗೆ, ಉಳಿದ ಹುಲ್ಲು ಮೀನು ಸಿಗಡಿಗಳಿಗೆ.

ಮೊಳೆಯಿಸುವ ಕೌಶಲವಿದ್ದೂ ಕರಾವಳಿಯಲ್ಲಿ ಧಾನ್ಯದ ಮದ್ಯ ಏಕೆ ಪ್ರಮುಖವಾಗಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಮರದಲ್ಲಿದೆ. ತೆಂಗು, ಬೈನಿ ಮರಗಳ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಪಿಷ್ಟವನ್ನು ಒಡೆಯುವ ಶ್ರಮ ಬೇಡ. 1883ರ ಮುಂಬಯಿ ಪ್ರಾಂತದ ಗೆಜೆಟಿಯರ್‌ನ ಕೆನರಾ ಸಂಪುಟ ಕಳ್ಳಿಳಿಸುವುದನ್ನು ಹಳೆಪೈಕರ ಕುಲವೃತ್ತಿಯೆಂದು ವಿವರಿಸುತ್ತದೆ. ಹೀಗೆ ಕುಡಿಯುವುದು ಮರದಿಂದ, ಉಣ್ಣುವುದು ಗದ್ದೆಯಿಂದ ಎಂಬ ವಿಭಜನೆ ನೆಲೆಗೊಂಡಿತು. ಬಯಲುಸೀಮೆಯಲ್ಲಿ ರಾಗಿಯನ್ನು ಮೊಳೆಯಿಸಿ ಹಿಟ್ಟು ಮಾಡುವ ಪದ್ಧತಿಗೆ ಇದನ್ನು ಹೋಲಿಸಿದರೆ ಪರಿಸರದ ಪಾತ್ರ ಸ್ಪಷ್ಟವಾಗುತ್ತದೆ.

ಆಧುನಿಕ ವಿಜ್ಞಾನ ಇದೇ ಪ್ರಶ್ನೆಯನ್ನು ವಿಕಿರಣದ ಮೂಲಕ ಎದುರಿಸಿದೆ. ಮಾಲ್ಟ್ ತಯಾರಿಕೆಯಲ್ಲಿ ಬೇರುಮೊಳಕೆ ಬೆಳೆದಷ್ಟೂ ಕಾಳಿನ ಸಾರ ನಷ್ಟವಾಗುತ್ತದೆ. ಬಾರ್ಲಿಗೆ ಮಿತಪ್ರಮಾಣದಲ್ಲಿ ಗಾಮಾ ಕಿರಣ ಹಾಯಿಸಿದರೆ ಕಿಣ್ವಗಳು ಹುಟ್ಟುತ್ತಲೇ ಬೇರು ಕುಗ್ಗುತ್ತದೆ. ಪ್ರಮಾಣ ಮೀರಿದರೆ ಭ್ರೂಣವೇ ಸಾಯುತ್ತದೆ, ಮಾಲ್ಟ್ ಆಗದು. ಇದರಿಂದ ಧಾನ್ಯ ವಿಕಿರಣಶೀಲವಾಗುವುದಿಲ್ಲ. 10 ಕಿಲೋಗ್ರೇವರೆಗೆ ಸಂಸ್ಕರಿಸಿದ ಆಹಾರ ನಿರಪಾಯವೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲಿ ನಿರ್ಣಯಿಸಿತು. ಭಾರತದಲ್ಲಿ ಈರುಳ್ಳಿ, ಆಲೂಗಡ್ಡೆಗಳ ಮೊಳಕೆ ತಡೆಯಲು ಈ ವಿಧಾನಕ್ಕೆ 1994ರಲ್ಲಿ ಅನುಮತಿ ದೊರೆಯಿತು.

ಬೇಯಿಸಿದ ಭತ್ತವಾಗಲಿ, ಹೆಚ್ಚು ಕಿರಣ ಹಾಯ್ದ ಕಾಳಾಗಲಿ ಬೀಜವಾಗಲಾರದು. ಈ ಸತ್ಯವನ್ನು ಕರಾವಳಿಯ ರೈತ ಪ್ರಯೋಗಾಲಯವಿಲ್ಲದೆ ಅರಿತಿದ್ದ. ಆದರೆ ಆ ಅರಿವಿಗೆ ಆಧಾರವಾದ ಗಜನಿಗಳೇ 20ನೆಯ ಶತಮಾನದ ಉತ್ತರಾರ್ಧದಿಂದ ಸಿಗಡಿ ಕೃಷಿಗೆ ಹೆಚ್ಚು ಹೆಚ್ಚಾಗಿ ತಿರುಗಿವೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ ದೊರೆತಿರುವುದು ಸಮಾಧಾನಕರ. ಆದರೂ ತಳಿಯೊಂದು ಶೀತಕೋಠಿಯಲ್ಲಿ ಉಳಿದರೆ ಸಾಲದು. ಅದನ್ನು ಆರಿಸುವ, ನೆನೆಸುವ, ಬಿತ್ತುವ ಜ್ಞಾನ ಜನರ ಕೈಯಲ್ಲಿ ಉಳಿಯಬೇಕು. ಅದು ಹಿರಿಯರೊಡನೆ ಮರೆಯಾಗುವ ಮುನ್ನ ದಾಖಲಾಗಬೇಕಾದುದು ಜಾನಪದ ಅಧ್ಯಯನದ ತುರ್ತು ಹೊಣೆ.